ಎತ್ತಿನ ಸವಕಳಿ: ಕೃಷ್ಣಾ ತೀರದಿಂದ ಟೆಕ್ಸಾಸ್‌ವರೆಗೆ ಒಂದು ಲೆಕ್ಕ

ಲೆಕ್ಕಶಾಸ್ತ್ರದಲ್ಲಿ ಸವಕಳಿ ಪಾಠ ಮುಗಿದ ದಿನ ನಮ್ಮ ಸರ್ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಆಸ್ತಿಯನ್ನು ಆರಿಸಿಕೊಳ್ಳಬೇಕು. ಅದರ ಕೊಂಡ ಬೆಲೆ, ಬಾಳಿಕೆಯ ವರ್ಷ, ಕೊನೆಗೆ ಬರುವ ಗುಜರಿ ಬೆಲೆ ಬರೆದು, ಸರಳ ರೇಖಾ ವಿಧಾನದಲ್ಲಿ ವರ್ಷದ ಸವಕಳಿ ತೆಗೆದು ತರಬೇಕು. ಬಾಗೇವಾಡಿಯ ಗೆಳೆಯ ತಂದೆಯ ಟಂಟಂ ಬರೆದ. ಇಂಡಿಯ ಗೆಳತಿ ಲಿಂಬೆ ತೋಟದ ಮೋಟರ್ ಪಂಪು ಬರೆದಳು. ಮುದ್ದೇಬಿಹಾಳದವರೊಬ್ಬರು ಅಮ್ಮಿಯ ಹೊಲಿಗೆ ಯಂತ್ರ ಬರೆದರು. ನಾನು ನಮ್ಮ ಮನೆಯ ಎತ್ತಿನ ಜೋಡಿ ಬರೆದೆ. ಓದಿ ಹೇಳಿದಾಗ ತರಗತಿಯೆಲ್ಲ ನಕ್ಕಿತು. ಸರ್ ಮಾತ್ರ ನಗಲಿಲ್ಲ. "ಲೆಕ್ಕ ಹೇಳು" ಅಂದರು.

ಲೆಕ್ಕ ಹೇಳುವ ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ದಾದಾ ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಾಲ್ಕು ಎಕರೆ ಎರೆ ಹೊಲ ಮಾಡುತ್ತಾ, ಜೊತೆಗೆ ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿ ಮಾಡಿದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ತೊರವಿ ದನದ ಸಂತೆ, ಎಲ್ಲ ಕಡೆ ಅವರ ಗುರುತಿನವರು ಇದ್ದಾರೆ. ಆದರೆ ಕಾಲೇಜಿಗೆ ಸೇರಿದ ಮೇಲೆ ಯಾರಾದರೂ ಕೇಳಿದರೆ ನಾನು "ಅಜ್ಜ ವ್ಯಾಪಾರ ಮಾಡ್ತಿದ್ರು" ಎಂದಷ್ಟೇ ಹೇಳುತ್ತಿದ್ದೆ. ಏನು ವ್ಯಾಪಾರ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದೆ. ನಮ್ಮಂಥ ಹೆಸರಿನವರು ದನದ ವ್ಯಾಪಾರ ಎಂದರೆ ಕೇಳಿದವರ ಮುಖ ಸ್ವಲ್ಪ ಬದಲಾಗುತ್ತದೆ ಎಂಬುದು ಇದನ್ನು ಓದುವ ಕೆಲವರಿಗಾದರೂ ಗೊತ್ತು.

ಈಗ ಲೆಕ್ಕ. ನಮ್ಮ ಖಿಲಾರಿ ಜೋಡಿಯನ್ನು 2014ರ ಸಂಕ್ರಾಂತಿಗೆ ತೊರವಿಯಲ್ಲಿ 96,000 ರೂಪಾಯಿಗೆ ಕೊಂಡಿದ್ದರು. ಆಗ ಅವು ನಾಲ್ಕು ಹಲ್ಲಿನವು. ದನದ ಲೋಕದಲ್ಲಿ ಜನ್ಮ ದಿನಾಂಕ ಇಲ್ಲ, ಹಲ್ಲು ಇದೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು ಬಂದರೆ ಬಾಯಿಗೂಡಿತು. ನಾಲ್ಕು ಹಲ್ಲು ಎಂದರೆ ಸುಮಾರು ಮೂರು ವರ್ಷ. ಅಲ್ಲಿಂದ ಎಂಟು ವರ್ಷ ದುಡಿಮೆ ಹಿಡಿದೆ. ಎಂಟು ವರ್ಷದ ಮೇಲೆ ಮುದಿ ಜೋಡಿಗೆ 40,000 ಬರುತ್ತದೆ ಎಂದು ದಾದಾ ಕೊಳ್ಳುವಾಗಲೇ ಅಂದಾಜು ಹಾಕಿದ್ದರಂತೆ. 96,000ರಲ್ಲಿ 40,000 ಕಳೆದರೆ 56,000. ಎಂಟರಿಂದ ಭಾಗಿಸಿದರೆ ವರ್ಷಕ್ಕೆ 7,000 ರೂಪಾಯಿ ಸವಕಳಿ.

ಸರ್ ಕೇಳಿದರು: "ಈ 40,000 ಗುಜರಿ ಬೆಲೆ ಈಗ ಕೈಗೆ ಬಂದಿದೆಯೇ?"

ಬಂದಿರಲಿಲ್ಲ. ದಾದಾ ಆ ಅಂದಾಜು ಹಾಕಿದಾಗ ಜಾರಿಯಲ್ಲಿದ್ದದ್ದು 1964ರ ಕರ್ನಾಟಕ ಕಾಯ್ದೆ. ಅದರಲ್ಲಿ ಹಸುವಿನ ವಧೆಗೆ ನಿಷೇಧವಿತ್ತು. ಎತ್ತು, ಹೋರಿ, ಎಮ್ಮೆ ಹನ್ನೆರಡು ವರ್ಷ ದಾಟಿದ್ದರೆ ಅಥವಾ ದುಡಿಮೆಗೆ ಬಾರದಂತಾಗಿದ್ದರೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆಯಲ್ಲಿ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ನಿಷೇಧ. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ ಉಳಿಯಿತು. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಇದು ಜಾಗವಲ್ಲ. ಆ ವಾದವನ್ನು ನಮಗಿಂತ ದೊಡ್ಡವರು ಬೇಕಾದಷ್ಟು ಮಾಡಿದ್ದಾರೆ. ನಾನು ವಾಣಿಜ್ಯ ವಿದ್ಯಾರ್ಥಿ, ಸರ್ ಕೇಳಿದ್ದು ಗುಜರಿ ಬೆಲೆ. ಅದು ಸೊನ್ನೆಯಾದರೆ 96,000ವನ್ನು ಎಂಟರಿಂದ ಭಾಗಿಸಬೇಕು. ವರ್ಷಕ್ಕೆ 12,000. ಅಂದರೆ ಒಂದು ಜೋಡಿ ಎತ್ತು ಸಾಕುವ ರೈತನಿಗೆ, ಅವನ ಧರ್ಮ ಯಾವುದೇ ಇರಲಿ, ವರ್ಷಕ್ಕೆ 5,000 ರೂಪಾಯಿ ಖರ್ಚು ಹೆಚ್ಚಿತು. ಇದರಲ್ಲಿ ದುಡಿಯುವುದು ನಿಂತ ಮೇಲೆ ಹಾಕುವ ಕಣಿಕಿ, ಹಿಂಡಿಯ ಖರ್ಚು ಸೇರಿಲ್ಲ. ನಮ್ಮ ಪಕ್ಕದ ಹೊಲದ ಗೌಡರೂ ಇದೇ ಮಾತು ಹೇಳುತ್ತಾರೆ. ಅವರ ಮುದಿ ಎತ್ತು ಗೋಶಾಲೆಗೆ ಹೋಯಿತು. ನಮ್ಮ ಜೋಡಿಯಲ್ಲಿ ರಾಜಾ ಎಂಬುದು ತೀರಿಕೊಂಡಿತು. ಸರ್ದಾರ ಎಂಬುದು ಇನ್ನೂ ಕೊಟ್ಟಿಗೆಯಲ್ಲಿದೆ.

ಸರ್ ನನ್ನ ಪುಸ್ತಕಕ್ಕೆ ಸಹಿ ಹಾಕುತ್ತಾ ಇನ್ನೊಂದು ವಿಷಯ ಹೇಳಿದರು. ದೊಡ್ಡ ಕಂಪನಿಗಳು ಜೀವಂತ ಪ್ರಾಣಿಗಳಿಗೆ ಸವಕಳಿ ಹಾಕುವುದಿಲ್ಲವಂತೆ. ಕೃಷಿಗೆಂದೇ ಇರುವ ಇಂಡ್ ಎಎಸ್ 41 ಎಂಬ ಲೆಕ್ಕ ಮಾನದಂಡದಲ್ಲಿ ದನವನ್ನು 'ಜೈವಿಕ ಆಸ್ತಿ' ಎನ್ನುತ್ತಾರೆ. ಪ್ರತಿ ಬಾರಿ ಲೆಕ್ಕ ಮುಗಿಸುವಾಗ ಆ ದಿನದ ನ್ಯಾಯಬೆಲೆ ಎಷ್ಟೋ ಅದರಲ್ಲಿ ಮಾರುವ ಖರ್ಚು ಕಳೆದು ಬರೆಯಬೇಕು. ಯಂತ್ರ ಸವೆಯುತ್ತದೆ. ಪ್ರಾಣಿ ಬೆಳೆಯುತ್ತದೆ, ಈಯುತ್ತದೆ, ಆಮೇಲೆ ಮುದಿಯಾಗುತ್ತದೆ. ಹಾಗಾದರೆ ಮಾಂಸಕ್ಕಾಗಿಯೇ ದನ ಸಾಕುವ ದೇಶಗಳಲ್ಲಿ ಈ ಲೆಕ್ಕ ಹೇಗೆ ಬರೆಯುತ್ತಾರೆ? ಈ ಪ್ರಶ್ನೆ ಹಿಡಿದು ಓದಲು ಕುಳಿತೆ. ಎರಡನೆಯ ದಿನವೇ ನಮ್ಮ ನದಿಯ ಹೆಸರು ಎದುರಾಯಿತು.

ಅಮೆರಿಕದಲ್ಲಿ 'ಬ್ರಾಹ್ಮನ್' ಎಂಬ ಮಾಂಸದ ದನದ ತಳಿ ಇದೆ. ಬೆನ್ನ ಮೇಲೆ ಡುಬ್ಬ, ಕೊರಳ ಕೆಳಗೆ ಜೋಲುವ ಗಂಗೆದೊಗಲು, ನೋಡಿದರೆ ನಮ್ಮೂರ ದನ. ಅದು ಭಾರತದ ನಾಲ್ಕು ತಳಿಗಳಿಂದ ಹುಟ್ಟಿದ್ದು: ಗುಜರಾತಿನ ಗಿರ್, ಅದೇ ನಾಡಿನ ಗುಜರಾತ್ ಅಥವಾ ಕಾಂಕ್ರೇಜ್, ಆಂಧ್ರದ ನೆಲ್ಲೂರು ಅಥವಾ ಒಂಗೋಲು, ನಾಲ್ಕನೆಯದು ಕೃಷ್ಣಾ ಕಣಿವೆ. ನಾಲ್ಕನೆಯದರ ಪಾಲು ಕಡಿಮೆ, ಆದರೂ ಪಟ್ಟಿಯಲ್ಲಿ ಇದೆ. ಆಲಮಟ್ಟಿಗೆ ಪಿಕ್‌ನಿಕ್ ಹೋದಾಗ ನಾವೆಲ್ಲ ಸೆಲ್ಫಿ ತೆಗೆಸಿಕೊಂಡ ಅದೇ ಕೃಷ್ಣೆ.

ಕೃಷ್ಣಾ ಕಣಿವೆ ತಳಿಯ ಕಥೆ ಸ್ವಲ್ಪ ವಿಚಿತ್ರ. ಅದು ತಾನಾಗಿ ಆದ ತಳಿಯಲ್ಲ, ಕಟ್ಟಿದ ತಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳ ಕಪ್ಪು ಮಣ್ಣು ಮಳೆ ಬಿದ್ದರೆ ಕಾಲಿಗೆ ಅಂಟಿ ಕಲ್ಲಾಗುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ನಮ್ಮಲ್ಲಿ, ಆದರೆ ಆ ಜೋಳದ ಹೊಲ ಹರಗಲು ಯಾವ ಎತ್ತು ಎಳೆಯಬೇಕು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿಯಂಥ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗಿರ್, ಒಂಗೋಲು, ಕಾಂಕ್ರೇಜ್ ಹೋರಿಗಳನ್ನು ತಂದು, ಮೈಸೂರು ಕಡೆಯ ರಕ್ತವಿದ್ದ ಸ್ಥಳೀಯ ಆಕಳುಗಳ ಮೇಲೆ ಬಿಡಿಸಿ, ಈ ಮಣ್ಣಿಗೆ ತಕ್ಕ ಭಾರೀ ಎತ್ತನ್ನು ಪಡೆಯಲು ನೋಡಿದರು. ಅದರ ನಡಿಗೆ ನಿಧಾನ, ಎಳೆತ ಗಟ್ಟಿ. ಖಿಲಾರಿಯ ಓಟ ಅದಕ್ಕಿಲ್ಲ. ಖಿಲಾರಿ ಬಂಡಿಗೆ, ಕೃಷ್ಣಾ ತೀರದ್ದು ರಂಟೆಗೆ ಎನ್ನುವುದು ದಾದಾ ಅವರ ಮಾತು.

ನಮ್ಮ ಮನೆಯಲ್ಲಿ ಮಾತು ಉರ್ದು. ಆದರೆ ದನದ ವಿಷಯ ಬಂದರೆ ದಾದಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಾರೆ. ಸುಳಿ, ಗೊರಸು, ಬಾಯಿಗೂಡು, ಇವಕ್ಕೆಲ್ಲ ಅವರ ಬಳಿ ಉರ್ದು ಶಬ್ದವೇ ಇಲ್ಲ. ನಾನು ಅಮೆರಿಕದ ಸುದ್ದಿ ಹೇಳಿದಾಗಲೂ ಹಾಗೇ ಆಯಿತು. "ಅಮೆರಿಕಾಕೆ ಲೋಗಾಂ ಹಮಾರೆ ಬೈಲಾಂ ಲೇಕೋ ಗಯೇ?" ಎಂದು ಶುರುಮಾಡಿ, "ಯಾಕ ಒಯ್ದ್ರು? ಅಲ್ಲಿ ಏನ್ ಕಮ್ಮಿ ಇತ್ತು?" ಎಂದು ಮುಗಿಸಿದರು.

ಒಳ್ಳೆಯ ಪ್ರಶ್ನೆ. ಅಲ್ಲಿ ಕಮ್ಮಿ ಇದ್ದದ್ದು ಉಣ್ಣಿಗೆ ಜಗ್ಗದ ಚರ್ಮ.

ಟೆಕ್ಸಾಸ್‌ನಲ್ಲಿ ಏಬೆಲ್ ಪಿಯರ್ಸ್ ಎಂಬ ದೊಡ್ಡ ದನಗಾರನಿದ್ದ. 1834ರಲ್ಲಿ ಹುಟ್ಟಿದವನು, ಜನ ಕರೆಯುತ್ತಿದ್ದದ್ದು 'ಶಾಂಘೈ' ಪಿಯರ್ಸ್ ಎಂದು. ಆ ಕಾಲದಲ್ಲಿ ಟೆಕ್ಸಾಸ್ ದನಗಳು ಉತ್ತರದ ರಾಜ್ಯಗಳಿಗೆ ಹೋದಲ್ಲೆಲ್ಲ ಅಲ್ಲಿನ ದನಗಳು ಜ್ವರ ಬಂದು ಸಾಯುತ್ತಿದ್ದವು. ಅದಕ್ಕೆ 'ಟೆಕ್ಸಾಸ್ ಜ್ವರ' ಎಂದೇ ಹೆಸರು ಬಿತ್ತು. ಉತ್ತರದವರು ಟೆಕ್ಸಾಸ್ ದನಗಳಿಗೆ ಗಡಿ ಮುಚ್ಚತೊಡಗಿದರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಮಾಲು ಇದೆ, ಮಾರುಕಟ್ಟೆ ಇಲ್ಲ. ಉಣ್ಣಿಯೇ ಈ ರೋಗವನ್ನು ಹರಡುತ್ತದೆ ಎಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದರು. ಕೀಟದಂಥ ಜೀವಿಯೊಂದು ರೋಗ ಹರಡುತ್ತದೆ ಎಂದು ಸಾಬೀತಾದ ಮೊದಮೊದಲ ಪ್ರಕರಣಗಳಲ್ಲಿ ಅದೂ ಒಂದು. ಪಿಯರ್ಸ್ ಕೂಡ ತನ್ನ ದನಗಳ ಉಣ್ಣಿ ಕೀಳಿಸಿ ನೋಡಿ ಅದೇ ತೀರ್ಮಾನಕ್ಕೆ ಬಂದಿದ್ದ. ಉಣ್ಣಿಗೆ ಜಗ್ಗದ ತಳಿ ಹುಡುಕುತ್ತಾ ಯುರೋಪ್ ಸುತ್ತಿದ. ಅಲ್ಲಿ ಬೇಕಾದ್ದು ಸಿಗಲಿಲ್ಲ. ಭಾರತದ ದನಕ್ಕೆ ಆ ಗುಣ ಇರಬಹುದು ಎಂಬ ನಂಬಿಕೆ ಮಾತ್ರ ಹೊತ್ತು ಮರಳಿದ. 1900ರಲ್ಲಿ ತೀರಿಕೊಂಡ.

ಅವನ ಆಸೆಯನ್ನು ಪೂರೈಸಿದ್ದು ಅವನ ಸಂಬಂಧಿ, ಅವನ ಆಸ್ತಿ ನೋಡಿಕೊಳ್ಳುತ್ತಿದ್ದ ಎ. ಪಿ. ಬೋರ್ಡನ್. 1906ರಲ್ಲಿ ಬೋರ್ಡನ್ ಸ್ವತಃ ಭಾರತಕ್ಕೆ ಬಂದ. ವಿಮಾನವಿಲ್ಲ, ಫೋನಿಲ್ಲ, ಭಾಷೆ ಬರುವುದಿಲ್ಲ. ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ನಮ್ಮವರ ಪದ್ಧತಿ ನೋಡಿ ಅವನಿಗೆ ಏನನ್ನಿಸಿರಬೇಕು ಎಂದು ನಾನು ಊಹಿಸಿಕೊಂಡು ನಕ್ಕೆ. 51 ದನಗಳನ್ನು ಕೊಂಡು ಹಡಗಿಗೆ ಹತ್ತಿಸಿದ. ನ್ಯೂಯಾರ್ಕ್ ಬಳಿ ಇಳಿಸಿ ಕ್ವಾರಂಟೈನ್‌ನಲ್ಲಿ ಇಟ್ಟಾಗ ಕೆಲವಕ್ಕೆ ಸರ್ರಾ ರೋಗ ಕಂಡಿತು. ಇದು ಕಚ್ಚುವ ನೊಣಗಳಿಂದ ಹರಡುವ ರಕ್ತದ ರೋಗ, ನಮ್ಮ ದೇಶದಲ್ಲಿ ಕುದುರೆ, ಒಂಟೆಗಳಿಗೂ ಬರುತ್ತದೆ. ಕೊನೆಗೆ ಟೆಕ್ಸಾಸ್ ಮುಟ್ಟಿದ್ದು 30 ಹೋರಿ, 3 ಹೆಣ್ಣು, ಒಟ್ಟು 33. ಶೇಕಡಾ 35ರಷ್ಟು ಮಾಲು ದಾರಿಯಲ್ಲೇ ನಷ್ಟ. ನಾವು ಸಂಸ್ಕರಣಾ ಲೆಕ್ಕದಲ್ಲಿ ಬರೆಯುವ 'ಅಸಾಮಾನ್ಯ ನಷ್ಟ'ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೋರ್ಡನ್ ಮೊದಲಿಗನಲ್ಲ. 1854ರಲ್ಲೇ ಲೂಸಿಯಾನಾದ ರಿಚರ್ಡ್ ಬ್ಯಾರೋ ಎಂಬವನಿಗೆ ಭಾರತದ ಎರಡು ಹೋರಿಗಳು ಸಿಕ್ಕಿದ್ದವು. ಹತ್ತಿ, ಕಬ್ಬು ಬೆಳೆಯುವುದನ್ನು ಕಲಿಸಿಕೊಟ್ಟದ್ದಕ್ಕೆ ಬ್ರಿಟಿಷ್ ಸರ್ಕಾರ ಕೊಟ್ಟ ಉಡುಗೊರೆ ಅದು. 1854ರಿಂದ 1926ರವರೆಗೆ ಹೀಗೆ ಒಟ್ಟು ಸುಮಾರು 266 ಹೋರಿ, 22 ಹೆಣ್ಣು ಅಮೆರಿಕ ಸೇರಿದವು. ಇಡೀ ಬ್ರಾಹ್ಮನ್ ತಳಿಯ ಬಂಡವಾಳ ಇಷ್ಟೇ. 22 ಹೆಣ್ಣಿನಿಂದ ತಳಿ ಹೇಗೆ ಬೆಳೆಯಿತು? ಅವರು ಭಾರತದ ಹೋರಿಯನ್ನು ಅಲ್ಲಿಯ ಹಸುವಿಗೆ ಬಿಡಿಸಿದರು. ಹುಟ್ಟಿದ ಹೆಣ್ಣುಗರು ಬೆಳೆದ ಮೇಲೆ ಮತ್ತೆ ಭಾರತದ ಹೋರಿ. ಮೊದಲ ಪೀಳಿಗೆಯಲ್ಲಿ ಅರ್ಧ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಎಂಟರಲ್ಲಿ ಏಳು, ನಾಲ್ಕನೆಯದರಲ್ಲಿ ಹದಿನಾರರಲ್ಲಿ ಹದಿನೈದು. ಪ್ರತಿ ಸಲ ಉಳಿದಿದ್ದರ ಅರ್ಧ ಸೇರುತ್ತದೆ. 1924ರಲ್ಲಿ ತಳಿಗಾರರ ಸಂಘ ಕಟ್ಟಿದರು. 'ಬ್ರಾಹ್ಮನ್' ಎಂಬ ಹೆಸರು ಕೊಟ್ಟದ್ದು ಸಂಘದ ಮೊದಲ ಕಾರ್ಯದರ್ಶಿ ಸಾರ್ಟ್‌ವೆಲ್. ಮಾಂಸದ ದನಕ್ಕೆ ಆ ಹೆಸರು! ಇದನ್ನು ಓದಿ ಹೇಳಿದಾಗ ನಮ್ಮ ಕನ್ನಡ ಮೇಡಂ ತಲೆಯ ಮೇಲೆ ಕೈ ಇಟ್ಟುಕೊಂಡರು.

ಬ್ರೆಜಿಲ್‌ನವರ ಕಥೆ ಇನ್ನೂ ದೊಡ್ಡದು. 1878ರಲ್ಲಿ ಮನೋಯಲ್ ಲೆಂಗ್ರೂಬರ್ ಎಂಬ ಬ್ರೆಜಿಲ್ ರೈತ ಜರ್ಮನಿಯ ಹ್ಯಾಂಬರ್ಗ್ ಮೃಗಾಲಯದಲ್ಲಿ ಒಂಗೋಲು ಜೋಡಿ ನೋಡಿ ಅಲ್ಲೇ ಕೊಂಡ. ನಾವು ಮೃಗಾಲಯಕ್ಕೆ ಹುಲಿ ನೋಡಲು ಹೋಗುತ್ತೇವೆ, ಅಲ್ಲಿಯವರು ನಮ್ಮ ಎತ್ತನ್ನು ನೋಡಲು ಟಿಕೆಟ್ ತೆಗೆಸುತ್ತಿದ್ದರು. 1893ರ ಹೊತ್ತಿಗೆ ಟಿಯೋಫಿಲೋ ದೆ ಗೊಡೋಯ್ ಎಂಬವನು ಸೀದಾ ಭಾರತಕ್ಕೇ ಬಂದು ದನ ಒಯ್ದ. ಆಮೇಲೆ ಉಬೆರಾಬಾ ಎಂಬ ಊರಿನ ಸುತ್ತಲಿನ ರೈತರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಇಂದು ಆ ಊರಿನಲ್ಲಿ ಡುಬ್ಬದ ದನಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಇದೆ, ಪ್ರತಿ ವರ್ಷ ದೊಡ್ಡ ಪ್ರದರ್ಶನ ನಡೆಯುತ್ತದೆ. ಒಂಗೋಲು ಊರು ಆ ಕಾಲದಲ್ಲಿ ನೆಲ್ಲೂರು ಜಿಲ್ಲೆಗೆ ಸೇರಿತ್ತು, ಅದರಿಂದ ಅವರು ಆ ತಳಿಯನ್ನು 'ನೆಲೋರ್' ಎಂದರು. ಬ್ರೆಜಿಲ್‌ನ 20 ಕೋಟಿಗೂ ಮೀರಿದ ದನಗಳಲ್ಲಿ ಬಹುಪಾಲಿನ ಮೈಯಲ್ಲಿ ಇಂದು ಆ ರಕ್ತವಿದೆ. ಜಗತ್ತಿಗೆ ಅತಿ ಹೆಚ್ಚು ಬೀಫ್ ರಫ್ತು ಮಾಡುವ ದೇಶವೂ ಅದೇ.

ಈ ವ್ಯಾಪಾರ ಒಮ್ಮೆ ಇಡೀ ಯುರೋಪನ್ನು ನಡುಗಿಸಿತು. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದವು. ಅವುಗಳಿಂದ ರಿಂಡರ್‌ಪೆಸ್ಟ್ ಅಲ್ಲಿಯ ದನಗಳಿಗೆ ಹಬ್ಬಿತು. ಹಳಬರು ದೊಡ್ಡರೋಗ ಎನ್ನುತ್ತಿದ್ದದ್ದು ಇದನ್ನೇ. ಇದಕ್ಕೆ ಹೆದರಿ ಹಲವು ದೇಶಗಳು ಸೇರಿ 1924ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಣಿಗಳ ಆರೋಗ್ಯಕ್ಕಾಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದವು. ಜಗತ್ತಿನಿಂದ ಆ ರೋಗ ಹೋಯಿತೆಂದು ಘೋಷಿಸಿದ್ದು 2011ರಲ್ಲಿ. ಬ್ರೆಜಿಲ್ ಕೂಡ 1921ರಲ್ಲಿ ಈ ರೋಗ ಕಂಡು ಆಮದಿಗೆ ಬಾಗಿಲು ಹಾಕಿತು. ಕೊನೆಯ ದೊಡ್ಡ ತಂಡ ಹೋದದ್ದು 1962ರಲ್ಲಿ. ಆ ದನಗಳನ್ನು ಸಮುದ್ರದ ನಡುವಿನ ಫೆರ್ನಾಂಡೋ ದೆ ನೊರೋನ್ಯಾ ದ್ವೀಪದಲ್ಲಿ ಇಳಿಸಿ, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು. ಆ ತಂಡದಲ್ಲಿದ್ದ 'ಕರವದಿ' ಎಂಬ ಹೋರಿಗೆ ಒಂಗೋಲು ಬಳಿಯ ಹಳ್ಳಿಯ ಹೆಸರೇ ಇದೆ. ನೆಲೋರ್ ವಂಶಾವಳಿಗಳಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ.

ಈಗ ನಾನು ಹುಡುಕಲು ಹೊರಟಿದ್ದ ಲೆಕ್ಕಕ್ಕೆ ಬರುತ್ತೇನೆ. ಮಾಂಸದ ದನದ ಸಾಕಣೆಯನ್ನು ಅಲ್ಲಿ ಮೂರು ಬೇರೆ ಬೇರೆ ವ್ಯಾಪಾರಗಳಂತೆ ನಡೆಸುತ್ತಾರೆ. ಮೊದಲನೆಯವನ ಬಳಿ ತಾಯಿದನ ಇರುತ್ತದೆ. ಅವನು ಏಳೆಂಟು ತಿಂಗಳು ಕರುವಿಗೆ ಹಾಲು ಬಿಟ್ಟು ಬೆಳೆಸಿ ಮಾರುತ್ತಾನೆ. ಎರಡನೆಯವನು ಅದನ್ನು ಕೊಂಡು ಹುಲ್ಲುಗಾವಲಿನಲ್ಲಿ ಬೆಳೆಸುತ್ತಾನೆ. ಮೂರನೆಯವನು ಕೊನೆಯ ಕೆಲವು ತಿಂಗಳು ಮೇವು ಹೆಚ್ಚಿಸಿ ಕೊಬ್ಬಿಸಿ ಕಸಾಯಿಖಾನೆಗೆ ಕೊಡುತ್ತಾನೆ. ಒಬ್ಬನೇ ಮೂರನ್ನೂ ಮಾಡಬಹುದು, ಆದರೆ ಹಾಗೆ ಮಾಡಿದರೆ ಹಾಕಿದ ದುಡ್ಡು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು. ಮೂರು ಪಾಲಾದರೆ ದುಡಿಯುವ ಬಂಡವಾಳ ಬೇಗ ತಿರುಗುತ್ತದೆ. ಹಾಲಿನ ಮಾತೇ ಇಲ್ಲಿಲ್ಲ, ಹಾಲೆಲ್ಲ ಕರುವಿಗೆ. ನಮ್ಮ ಲೆಕ್ಕದಲ್ಲಿ ಎತ್ತು ಸ್ಥಿರ ಆಸ್ತಿ, ಅಲ್ಲಿಯ ಗಂಡುಗರು ದಾಸ್ತಾನು. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಇದ್ದ ಹಾಗೆ.

ಬೆಲೆ ಹೇಳುವುದು ಹೇಗೆ? ಬ್ರೆಜಿಲ್‌ನಲ್ಲಿ ದನದ ಬೆಲೆಯನ್ನು 'ಅರೋಬಾ' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಅರೋಬಾ ಎಂದರೆ 15 ಕಿಲೋ, ಅದೂ ಚರ್ಮ, ತಲೆ, ಹೊಟ್ಟೆ ತೆಗೆದ ಮೇಲಿನ ತೂಕ. ಜೀವಂತ ದನದ ತೂಕದಲ್ಲಿ ಅರ್ಧ ಹಿಡಿಯುತ್ತಾರೆ. ಆದ್ದರಿಂದ ಜೀವಂತ ತೂಕವನ್ನು 30ರಿಂದ ಭಾಗಿಸಿದರೆ ಅರೋಬಾ ಬರುತ್ತದೆ. 450 ಕಿಲೋ ದನ 15 ಅರೋಬಾ. ಈ ಶಬ್ದ ನನಗೆ ಎಲ್ಲೋ ಕೇಳಿದಂತೆ ಅನ್ನಿಸಿತು. ಮೂಲ ಅರಬ್ಬಿಯ 'ಅರ್-ರುಬ್', ಅಂದರೆ ಕಾಲು ಭಾಗ, ಹಳೆಯ ಕ್ವಿಂಟಲಿನ ನಾಲ್ಕನೆಯ ಒಂದು. ಸ್ಪೇನ್, ಪೋರ್ಚುಗಲ್ ಅರಬ್ಬರ ಕೈಯಲ್ಲಿದ್ದ ಕಾಲದಲ್ಲಿ ಅಲ್ಲಿಯ ಭಾಷೆಗೆ ಸೇರಿದ್ದು. ನಾವು ಉರ್ದು ತರಗತಿಯಲ್ಲಿ ಓದುವ ನಾಲ್ಕು ಸಾಲಿನ ರುಬಾಯಿಗೂ ಮೂಲ ಅದೇ ಧಾತು. ಕ್ವಿಂಟಲ್ ಎಂಬುದೂ ಅರಬ್ಬಿಯ ಕಿಂತಾರ್ ಮೂಲಕ ಬಂದದ್ದೇ. ಎಪಿಎಂಸಿಯಲ್ಲಿ ತೊಗರಿ ಮಾರುವಾಗ ನಾವು ದಿನಾ ಹೇಳುವ ಮಾತು.

ಅವರು ನಮ್ಮಿಂದ ದನ ಒಯ್ದರು ಸರಿ. ಆದರೆ ಒಯ್ದ ಮೇಲೆ ಮಾಡಿದ ಕೆಲಸವನ್ನು ನೋಡಬೇಕು. ಬರೆದಿಟ್ಟರು. 1919ರಲ್ಲೇ ಉಬೆರಾಬಾದವರು ತಳಿ ದಾಖಲೆಯ ಪುಸ್ತಕ ತೆರೆದರು. ಹುಟ್ಟಿದ ದಿನ, ತಂದೆ, ತಾಯಿ, ಕೆಲವು ತಿಂಗಳಿಗೊಮ್ಮೆ ತೂಕ. ಯಾವ ಹೋರಿಯ ಕರುಗಳು ಬೇಗ ಬೆಳೆಯುತ್ತವೆ ಎಂಬುದು ಕಣ್ಣಂದಾಜಿನಿಂದ ಕಾಗದಕ್ಕೆ ಬಂತು. 2023ರಲ್ಲಿ 'ವಿಯಾಟಿನಾ-19' ಎಂಬ ನೆಲೋರ್ ಹಸುವಿನ ಮೂರನೆಯ ಒಂದು ಪಾಲನ್ನು ಹರಾಜು ಹಾಕಿದರು. ಬಂದ ಬೆಲೆಯಿಂದ ಲೆಕ್ಕ ಹಾಕಿದರೆ ಇಡೀ ಹಸುವಿನ ಬೆಲೆ 40 ಲಕ್ಷ ಡಾಲರ್ ದಾಟಿತು. ತೂಕ 11 ಕ್ವಿಂಟಲ್‌ನಷ್ಟು. ಇದು ಷೇರು ಬಂಡವಾಳವೇ ತಾನೇ? ಒಂದು ಹಸು, ಹಲವು ಪಾಲುದಾರರು, ಅವರು ಕೊಳ್ಳುತ್ತಿರುವುದು ಮಾಂಸವನ್ನಲ್ಲ, ಅದರ ಅಂಡಾಣುವಿನಿಂದ ಮುಂದೆ ಹುಟ್ಟುವ ಕರುಗಳನ್ನು. ಕಾಗದವಿಲ್ಲದಿದ್ದರೆ ಆ ಬೆಲೆ ಬರುತ್ತಿರಲಿಲ್ಲ. ಈಗ ನಮ್ಮ ದೇಶವೇ ಬ್ರೆಜಿಲ್‌ನಿಂದ ಗಿರ್ ತಳಿಯ ವೀರ್ಯ ತರಿಸಿಕೊಳ್ಳುತ್ತಿದೆ.

ನಮ್ಮ ರಾಜ್ಯಕ್ಕೆ ದಾಖಲೆ ಹೊಸದೇನೂ ಅಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟು, ಅವುಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ್ದ. ಬ್ರಿಟಿಷರು 1860ರಲ್ಲಿ ಖರ್ಚು ಉಳಿಸಲೆಂದು ಆ ಹಿಂಡನ್ನು ಮಾರಿಬಿಟ್ಟರು. ದೊಡ್ಡ ಗಿರಾಕಿ ಈಜಿಪ್ಟಿನ ಪಾಶಾ. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಹಿಂಡು ಕಟ್ಟಲು ತೊಡಗಿದರು. ಉಳಿತಾಯ ಎಂದು ಮಾಡಿದ್ದು ಖರ್ಚಾಯಿತು.

ಕೃಷ್ಣಾ ಕಣಿವೆ ತಳಿಗೆ ಅಂಥ ಎರಡನೆಯ ಅವಕಾಶ ಇನ್ನೂ ಸರಿಯಾಗಿ ಸಿಕ್ಕಿಲ್ಲ. 1946ರ ಸಮೀಕ್ಷೆಯಲ್ಲಿ ಈ ಭಾಗದಲ್ಲಿ ಸುಮಾರು ಆರೂವರೆ ಲಕ್ಷ ಇದ್ದವು. ಇಂದು ಅದು ಅಳಿವಿನ ಅಂಚಿನ ತಳಿ. ಟ್ರ್ಯಾಕ್ಟರ್ ಬಂದ ಮೇಲೆ ಎರೆ ಹೊಲಕ್ಕೆ ಭಾರೀ ಎತ್ತು ಬೇಡವಾಯಿತು. ಹಾಲಿಗೆ ಜರ್ಸಿ ಬಂತು. ನದಿತೀರದ ಎಷ್ಟೋ ಹಳ್ಳಿಗಳು, ಅವುಗಳ ಹುಲ್ಲುಗಾವಲು ಸಮೇತ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. "ಯಾರ ಮನೆಯಲ್ಲಿ ಕೃಷ್ಣಾ ತೀರದ ದನ ಇದೆ?" ಎಂದು ನಮ್ಮ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಏಳಲಿಲ್ಲ. "ಎತ್ತು ಯಾರ ಮನೆಯಲ್ಲಿದೆ?" ಅಂದೆ. ಮೂರು ಕೈ ಎದ್ದವು, ಅದರಲ್ಲಿ ಒಂದು ನನ್ನದು.

ಓದಿದ್ದನ್ನೆಲ್ಲ ಒಂದು ಭಾನುವಾರ ದಾದಾ ಅವರಿಗೆ ಹೇಳಿದೆ. ಪಿಯರ್ಸ್, ಬೋರ್ಡನ್, ಲೆಂಗ್ರೂಬರ್, ಗೊಡೋಯ್. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಕೊಂಡವರ ಹೆಸರೆಲ್ಲ ಹೇಳ್ದಿ. ಮಾರಿದವನ ಹೆಸರು ಬರ್ದಾರೇನು? ನಡುವೆ ನಿಂತ ದಲ್ಲಾಳಿದು?" ನಾನು ಓದಿದ ಪುಟಗಳಲ್ಲಿ ಹೋರಿಗೆ ಹೆಸರಿತ್ತು, ಕೊಂಡವನಿಗೆ ಹೆಸರಿತ್ತು. ನಾನು ಸುಮ್ಮನಿದ್ದೆ. ಕಾಲೇಜಿನ ಅರ್ಜಿಯಲ್ಲಿ ನಾನೇ ಬರೆದ 'ವ್ಯಾಪಾರ' ಎಂಬ ಶಬ್ದ ನೆನಪಾಯಿತು.

ಆಮೇಲೆ ನಾನು ಅಮ್ಮಿಯ ಹೊಲಿಗೆ ಟೇಪು ತಂದೆ. ತಕ್ಕಡಿ ಇಲ್ಲದೆ ದನದ ತೂಕ ತೆಗೆಯಲು ಒಂದು ಸೂತ್ರವಿದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಭುಜದ ಮೂಳೆಯಿಂದ ಪಿರ್ರೆಯ ಮೂಳೆಯವರೆಗೆ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಅದನ್ನು 2.2ರಿಂದ ಭಾಗಿಸಿದರೆ ಕಿಲೋ. ಪ್ರಾಣಿ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತಿರಬೇಕು, ಟೇಪು ಬಿಗಿಯಾಗಿರಬೇಕು, ಬೆಳಿಗ್ಗೆ ಮೇವು ಹಾಕುವ ಮೊದಲು ಅಳೆದರೆ ಒಳ್ಳೆಯದು.

ಟೇಪು ಹಾಕುವ ಮೊದಲು ದಾದಾ ಅವರನ್ನು ಕೇಳಿದೆ, ಸರ್ದಾರ ಎಷ್ಟು ತೂಗಬಹುದು ಎಂದು. ಅವರು ಹಿಂದಿನಿಂದ ಒಮ್ಮೆ, ಮಗ್ಗುಲಿನಿಂದ ಒಮ್ಮೆ ನೋಡಿ, "ನಾಲ್ಕು ಕ್ವಿಂಟಲ್ ಮ್ಯಾಲ ಇಪ್ಪತ್ತೋ ಮೂವತ್ತೋ ಕಿಲೋ. ಮೊದಲ ಐದು ಇತ್ತು, ಈಗ ಇಳದದ" ಅಂದರು. ನಾನು ಅಳೆದೆ. ಸುತ್ತಳತೆ 70 ಇಂಚು, ಉದ್ದ 58. ಎಪ್ಪತ್ತೆಪ್ಪತ್ತಲೆ 4,900, 58ರಿಂದ ಗುಣಿಸಿದರೆ 2,84,200, 300ರಿಂದ ಭಾಗಿಸಿದರೆ 947 ಪೌಂಡು. ಕಿಲೋದಲ್ಲಿ 430. ನಲವತ್ತು ವರ್ಷದ ಕಣ್ಣು ಮತ್ತು ಟೇಪು ಒಂದೇ ಅಂಕಿಗೆ ಬಂದು ನಿಂತವು.

ನಾನು ಉತ್ಸಾಹದಲ್ಲಿ 30ರಿಂದ ಭಾಗಿಸಿ "ಹದಿನಾಲ್ಕು ಚಿಲ್ಲರೆ ಅರೋಬಾ" ಎಂದೆ. ಅದು ಏನೆಂದು ಕೇಳಿದರು, ಹೇಳಿದೆ. ಸಾವಿರಾರು ದನ ಮಾರಿಸಿದ ದಾದಾ ಸರ್ದಾರನ ಬೆನ್ನ ಮೇಲೆ ಕೈ ಇಟ್ಟು, "ಇದರ ಲೆಕ್ಕ ಅದರಾಗ ಬರೀಬ್ಯಾಡ" ಅಂದರು. ಅದನ್ನು ಹೊಡೆದು ಹಾಕಿ, ಹೊಸ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಹೆಸರು, 2014ರಲ್ಲಿ ತೊರವಿಯಲ್ಲಿ ಕೊಂಡದ್ದು, ಮಾರಿದ ರೈತನ ಹೆಸರು, ಅವನ ಊರು, ಅಂದಿನ ಹಲ್ಲು, ಇಂದಿನ ತೂಕ ಬರೆದೆ. ದಲ್ಲಾಳಿ ಎಂಬ ಕಲಮಿನಲ್ಲಿ ದಾದಾ ಅವರ ಹೆಸರು ಬರೆದೆ. ಅವರಿಗೆ ಹನ್ನೊಂದು ವರ್ಷದ ಹಿಂದಿನದೆಲ್ಲ ಬಾಯಿಪಾಠ ಇತ್ತು.

ಎರಡನೆಯ ಸಾಲು ನಮ್ಮ ಖಿಲಾರಿ ಆಕಳಿನ ಈ ವರ್ಷದ ಗಂಡುಗರುವಿನದು. ಅದನ್ನು ಪ್ರತಿ ತಿಂಗಳ ಮೊದಲ ಭಾನುವಾರ ಅಳೆಯುತ್ತಿದ್ದೇನೆ, ಮೂರು ಅಂಕಿ ಆಗಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹಳ್ಳಿಗಳಿಂದ ಬರುವ ಗೆಳೆಯರು, ಸಿಬ್ಬಂದಿ ಯಾರೇ ಇರಲಿ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಕೃಷ್ಣಾ ತೀರದ ದನ ಒಂದಾದರೂ ಇದ್ದರೆ ದ್ವಿತೀಯ ವಾಣಿಜ್ಯ ವಿಭಾಗದಲ್ಲಿ ನನಗೆ ತಿಳಿಸಿ. ಟೇಪು ನಾನು ತರುತ್ತೇನೆ. ಬಸ್ಸಿನ ಖರ್ಚು ದಾದಾ ಕೊಡುತ್ತಾರಂತೆ, ತಾವೂ ಬರುತ್ತಾರಂತೆ.